ಸಾಲು ಕೊಡುವವಳು

"ಇಲ್ಲಿ. ಈಗ ಬರುತ್ತೆ, ಕೇಳಿ," ಎಂದಳು ಅವಳು.

ನಮ್ಮ ಮುಂದಿನ ಕೋಣೆಯಲ್ಲಿ ಬೆಳಗಿನ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ಮೇಜಿನ ಮೇಲೆ ಅವಳ ಫೋನು. ಫೋನಿನಲ್ಲಿ ಆ ಹೊಸ ಹಾಡು. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಲಿಫ್ಟಿನಲ್ಲಿ ಎಲ್ಲ ಕಡೆ ಅದನ್ನೇ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಆರಂಭಕ್ಕೆ ವಾದ್ಯವಿಲ್ಲ, ತಾಳವಿಲ್ಲ; ಬರೀ ಗಾಯಕಿಯ ಧ್ವನಿ.

‘ಕದ ತೆರೆದೇ ಇದೆ, ದೀಪ ಸಣ್ಣಗಿದೆ...’

ಆ ಸಾಲು ಮುಗಿದು ಮುಂದಿನದು ಶುರುವಾಗುವ ಸಂದಿಯಲ್ಲಿ ಏನೋ ಇತ್ತು. ಉಸಿರೋ, ಗಾಳಿಯೋ, ಹೇಳಲಾರೆ.

"ಕೇಳಿಸ್ತಾ?"

"ಏನಮ್ಮ?" ಎಂದೆ ನಾನು.

"ನಮ್ಮಮ್ಮ. ಮುಂದಿನ ಸಾಲಿನ ಮೊದಲ ಮಾತು ಹೇಳಿಕೊಡ್ತಿದ್ದಾಳೆ. ಹೊಳೆಗೆ ಬಿದ್ದು ಸತ್ತಮೇಲೆ."

ನಾನು ನಾಚಿಕೆ ಬಿಟ್ಟು ಅವಳ ಕಾಲು ನೋಡಿದೆ. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇವಳ ಹೆಬ್ಬೆರಳುಗಳು ನನ್ನ ಕಡೆಗೇ ಇದ್ದವು. ಮಡಿಲಲ್ಲಿ ಹಾಲುಗೂಸು ಬೇರೆ ಇತ್ತು. ದೆವ್ವಗಳು ಮಗು ಎತ್ತಿಕೊಂಡು ಆಟೋದಲ್ಲಿ ಬರಲಾರವು ಎಂದು ಸಮಾಧಾನ ಮಾಡಿಕೊಂಡೆ.

"ನನ್ನ ಮೈದುನ ನಿನ್ನ ಕಾಲು ನೋಡ್ತಿದ್ದಾನೆ, ತಪ್ಪು ತಿಳೀಬೇಡಮ್ಮ," ಎಂದರು ಅತ್ತಿಗೆ. "ಬಂದವರು ಮನುಷ್ಯರೋ ಅಲ್ಲವೋ ಅಂತ ಪರೀಕ್ಷೆ ಮಾಡದೆ ಅವನಿಗೆ ನೆಮ್ಮದಿ ಇಲ್ಲ."

ಅವಳು ನಗಲಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಿಮೆ ಕಂಪನಿಯಲ್ಲಿದ್ದವರು. ಗೋದಾಮು ತಾನಾಗಿ ಸುಟ್ಟಿತೋ, ಯಾರಾದರೂ ಸುಟ್ಟರೋ ಎಂದು ಪತ್ತೆ ಹಚ್ಚುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದರೂ ಚಾಳಿ ಹೋಗಲಿಲ್ಲ. ಜನ ಮನೆ ಹುಡುಕಿಕೊಂಡು ಬರುತ್ತಾರೆ. ಕಾರು ಓಡಿಸುವುದು, ಬೈಸಿಕೊಳ್ಳುವುದು ನನ್ನ ಪಾಲು. ನನ್ನ ಸ್ವಂತ ಕಸುಬು ಜಾಹೀರಾತಿಗೆ ಹಾಡು ಬರೆಯುವುದು. ನೀವು ಸ್ನಾನದ ಮನೆಯಲ್ಲಿ ಗುನುಗುವ ಸೋಪಿನ ಹಾಡು ನನ್ನದೇ ಇರಬಹುದು, ನಿಮಗೆ ಗೊತ್ತಿಲ್ಲ. ಅದಕ್ಕೇ ಅತ್ತಿಗೆ ನನ್ನನ್ನು "ಕವಿಗಳೇ" ಎಂದು ಕರೆಯುತ್ತಾರೆ. ಅದು ಹೊಗಳಿಕೆಯಲ್ಲ.

"ಮೊದಲಿಂದ ಹೇಳು," ಎಂದರು ಅತ್ತಿಗೆ. "ಇದನ್ನ ಹಾಡಿದವರು ನಿನಗೇನಾಗಬೇಕು?"

"ಚಿಕ್ಕಮ್ಮ. ಅಮ್ಮನ ಒಡಹುಟ್ಟಿದ ತಂಗಿ."

"ಸತ್ತ ಅಕ್ಕನ ನೆನಪಿಗೆ ತಾವೇ ಬರೆದು ಹಾಡಿದ್ದು ಅಂತ ಪೇಪರಿನಲ್ಲಿತ್ತು."

"ಚಿಕ್ಕಮ್ಮ ಒಂದು ಸಾಲೂ ಬರೆದವಳಲ್ಲ. ಒಂದು ರಾಗವೂ ಕಟ್ಟಿದವಳಲ್ಲ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವಳ ಹೆಸರಲ್ಲಿ ಬಂದದ್ದೆಲ್ಲ ಅಮ್ಮಂದು. ಪಾತ್ರೆ ತೊಳೀತಾ ಕಟ್ತಿದ್ಲು, ನನಗೆ ಜಡೆ ಹಾಕ್ತಾ ಕಟ್ತಿದ್ಲು."

"ಹಾಗಾದರೆ ಅಮ್ಮ ಯಾಕೆ ಬಾಯಿ ಬಿಡಲಿಲ್ಲ?"

"ಅಮ್ಮಂಗೆ ಜನ ಅಂದರೆ ಭಯ. ನಾಲ್ಕು ಜನ ನೋಡಿದರೆ ಗಂಟಲು ಕಟ್ಟಿಬಿಡ್ತಿತ್ತು. ಚಿಕ್ಕಮ್ಮಂಗೆ ಜನ ಇಲ್ಲದಿದ್ದರೆ ಆಗಲ್ಲ. ಆದರೆ ಒಂದು ಸಾಲೂ ನೆನಪಿರಲ್ಲ, ಚಿಕ್ಕಂದಿನಿಂದ ಹಾಗೇ. ಅದಕ್ಕೆ ಅಮ್ಮ ಹಿಂದೆ ನಿಂತು ಸಾಲು ಕೊಡೋಳು. ಸಭೆಯಲ್ಲಾದರೆ ಪರದೆ ಹಿಂದೆ. ಸ್ಟುಡಿಯೋದಲ್ಲಾದರೆ ಬೆನ್ನ ಹಿಂದೆ."

"ಸಾಲು ಕೊಡೋದು ಅಂದರೆ?"

"ಒಂದು ಸಾಲು ಮುಗೀತಿದ್ದ ಹಾಗೆ ಮುಂದಿನದರ ಮೊದಲ ಮಾತನ್ನ ಮೆಲ್ಲಗೆ ಅನ್ನೋದು. ಅಷ್ಟು ಸಿಕ್ಕಿದರೆ ಚಿಕ್ಕಮ್ಮ ಹಿಡ್ಕೊಂಡು ಹೋಗ್ತಾಳೆ. ನಾನು ತೊಟ್ಟಿಲಲ್ಲಿ ಕೇಳಿದ ಧ್ವನಿ ಅದು. ನನಗೆ ಗುರುತು ಸಿಗಲ್ವಾ?"

ಉಳಿದದ್ದನ್ನು ಅತ್ತಿಗೆ ಒಂದೊಂದಾಗಿ ಎಳೆದು ತೆಗೆದರು. ಅಮ್ಮ ಇದ್ದದ್ದು ತಂಗಿಯ ಮನೆಯಲ್ಲಿ, ಈ ಊರಿನಲ್ಲೇ. ಮಗಳನ್ನು ಕೊಟ್ಟಿದ್ದು ದೂರದ ಊರಿಗೆ. ಬಸುರಿ ಮಗಳಿಗೆ ತಾಯಿ ಮಾತು ಕೊಟ್ಟಿದ್ದಳು — "ಹೆರಿಗೆಗೆ ಬರ್ತೀನಿ. ಬಂದರೆ ಮತ್ತೆ ವಾಪಸ್ ಹೋಗಲ್ಲ. ಹಾಡಿದ್ದು ಸಾಕು, ಮೊಮ್ಮಗುವಿನ ಜೊತೆ ಇರ್ತೀನಿ. ತಂಗಿಗೂ ಹೇಳಿಬಿಟ್ಟೆ." ಬರಲಿಲ್ಲ. ಮಗಳು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಚಿಕ್ಕಮ್ಮನ ಗಂಡನಿಂದ ಫೋನು ಬಂತು. ಸೇತುವೆಯ ಮೇಲೆ ಅಮ್ಮನ ಚಪ್ಪಲಿ ಸಿಕ್ಕಿದೆ, ಹೊಳೆ ತುಂಬಿ ಹರಿಯುತ್ತಿದೆ. ದೇಹ ಸಿಗಲಿಲ್ಲ. ಪೊಲೀಸರು ಕೈತೊಳೆದುಕೊಂಡರು.

"ಮನೇಲಿ ಏನಂತಾರೆ?"

"ಬಾಣಂತಿ ಸನ್ನಿ ಅಂತಾರೆ. ನಮ್ಮವರಿಗೆ ಈ ಹಾಡಲ್ಲಿ ಚಿಕ್ಕಮ್ಮನ ಧ್ವನಿ ಬಿಟ್ಟು ಬೇರೇನೂ ಕೇಳಿಸಲ್ಲ."

"ನನ್ನಿಂದ ಏನಾಗಬೇಕು?"

"ಅದು ಅಮ್ಮನ ಧ್ವನಿ ಹೌದೋ ಅಲ್ಲವೋ, ಅಷ್ಟು ಹೇಳಿ. ಅಲ್ಲ ಅಂದರೆ ನನಗೆ ಹುಚ್ಚು, ಔಷಧಿ ತಗೋತೀನಿ. ಹೌದು ಅಂದರೆ..." ಅವಳು ಮಗುವಿನ ಟೋಪಿ ಸರಿಮಾಡಿದಳು. "ಕದ ತೆರೆದೇ ಇದೆ ಅಂತಾಳಲ್ಲ. ನನ್ನನ್ನೇ ಕರೀತಿದ್ದಾಳೆ ಅನ್ಸುತ್ತೆ. ಅದೇ ಹೊಳೆ ನಮ್ಮೂರಿಗೂ ಬರುತ್ತೆ. ದಿನಾ ಹೋಗಿ ದಡದಲ್ಲಿ ನಿಲ್ತೀನಿ. ನಿನ್ನೆ ನೀರು ಮೊಣಕಾಲಿಗೆ ಬಂದಾಗಲೇ ನನಗೆ ಗೊತ್ತಾಗಿದ್ದು, ಇಳಿದುಬಿಟ್ಟಿದೀನಿ ಅಂತ."

ನನಗೆ ಅಯ್ಯೋ ಅನ್ನಿಸಿತು. ಅತ್ತಿಗೆ ಎದ್ದು ಮಗುವನ್ನು ತೆಗೆದುಕೊಂಡರು, ಅವಳನ್ನು ಸೋಫಾದ ಮೇಲೆ ಮಲಗು ಎಂದರು. ತಲೆ ಇಟ್ಟ ಕೂಡಲೇ ಅವಳಿಗೆ ನಿದ್ದೆ ಹತ್ತಿತು. ನಾನು ಕಂಬಳಿ ಹೊದಿಸಿದೆ. ಬಲಗಾಲು ಹೊರಗೆ ಬಂತು. ಮತ್ತೆ ಮುಚ್ಚಿದೆ. ಮತ್ತೆ ಬಂತು. ನನಗೇಕೆ ಈ ಉಸಾಬರಿ ಎಂದು ಬಿಟ್ಟುಬಿಟ್ಟೆ. ಮಗುವನ್ನು ತಟ್ಟುತ್ತಾ ಅತ್ತಿಗೆ ಆ ಕಾಲನ್ನೇ ನೋಡುತ್ತಿದ್ದರು.

ಮಧ್ಯಾಹ್ನ, ಮಗುವನ್ನೂ ಮಗುವಿನ ತಾಯಿಯನ್ನೂ ಅಣ್ಣನ ವಶಕ್ಕೆ ಕೊಟ್ಟು, ನಾವಿಬ್ಬರೂ ಸ್ಟುಡಿಯೋಗೆ ಹೋದೆವು.

ಸ್ಟುಡಿಯೋ ಗಾಯಕಿಯ ಮನೆಯ ಹಿತ್ತಲಿನಲ್ಲೇ ಇತ್ತು. ಅಲ್ಲಿನ ರೆಕಾರ್ಡಿಂಗ್ ಇಂಜಿನಿಯರನ್ನು ಎಲ್ಲರೂ ‘ಕಿವಿ’ ಎನ್ನುತ್ತಿದ್ದರು. ಅವನಿಗೂ ಆ ಹೆಸರಿನ ಮೇಲೆ ಹೆಮ್ಮೆ ಇದ್ದಂತಿತ್ತು.

"ಚಪ್ಪಲಿ ಹೊರಗೆ ಬಿಡಿ," ಎಂದ. "ಒಳಗೆ ಚಪ್ಪಲಿ ಚರ್ ಅಂದರೆ ಮೈಕು ಹಿಡಿದುಬಿಡುತ್ತೆ. ಮಂತ್ರಿ ಬಂದರೂ ಬರಿಗಾಲೇ."

ಮುಂದೆ ಯಂತ್ರಗಳ ಕೋಣೆ. ನಡುವೆ ದಪ್ಪ ಗಾಜು. ಗಾಜಿನಾಚೆ ಹಾಡುವ ಕೋಣೆ. ಅತ್ತಿಗೆ ಆ ಕೋಣೆಯೊಳಗೆ ಹೋದರು, ನನ್ನನ್ನೂ ಎಳೆದರು. ಬಾಗಿಲು ಮುಚ್ಚಿತು. ಹೊರಗಿನ ರಸ್ತೆ, ಹಕ್ಕಿ, ಫ್ಯಾನು, ಎಲ್ಲ ಒಮ್ಮೆಲೇ ಇಲ್ಲವಾದವು. ನನ್ನ ಉಗುಳು ನುಂಗಿದ ಸದ್ದು ನನಗೇ ಕೇಳಿಸಿತು. ಕಿವಿಯೊಳಗೆ ಸುಂಯ್ ಎಂದು ಏನೋ ಹರಿಯುತ್ತಿತ್ತು. ನನ್ನದೇ ರಕ್ತವಂತೆ, ಆಮೇಲೆ ತಿಳಿಯಿತು. ಇನ್ನೊಂದು ಗಳಿಗೆ ಅಲ್ಲಿ ನಿಂತಿದ್ದರೆ ನಾನು ಅಳುತ್ತಿದ್ದೆ.

"ಅದೇನು?" ಅತ್ತಿಗೆ ಹಿಂದಿನ ಗೋಡೆ ತೋರಿಸಿದರು. ಗೋಡೆಗೆ ಹೊಡೆದ ಮೆತ್ತೆಯನ್ನೇ ಹೊದ್ದ ಸಣ್ಣ ಬಾಗಿಲು. ತಟ್ಟನೆ ಕಣ್ಣಿಗೆ ಬೀಳುವಂತಿರಲಿಲ್ಲ.

ತಲೆಯ ಮೇಲಿನ ಸ್ಪೀಕರಿನಿಂದ ಕಿವಿಯ ಧ್ವನಿ ಬಂತು. ಗಾಜಿನಾಚೆ ಒಂದು ಗುಂಡಿ ಒತ್ತಿ ಮಾತಾಡುತ್ತಿದ್ದ. "ಅದು ಮೇಡಂ ಕೋಣೆ. ಹಾಡೋಕೆ ಮುಂಚೆ ಅಲ್ಲಿ ಕೂರ್ತಾರೆ. ಈಗೀಗ ಊಟವೂ ಅಲ್ಲೇ. ಕೀಲಿ ಅವರ ಹತ್ತಿರಾನೇ ಇರುತ್ತೆ."

"ಮೊದಲಿಂದಲೂ ಹಾಗೇನಾ?"

"ಅಕ್ಕ ಇದ್ದಾಗ ಇಬ್ಬರೂ ಅಲ್ಲೇ ಇರ್ತಿದ್ದರು. ಅಕ್ಕ ಹೋದಮೇಲೆ ಒಳಗೆ ಯಾರನ್ನೂ ಬಿಡಲ್ಲ."

ನಾವು ಆಚೆ ಬಂದೆವು. ಅತ್ತಿಗೆ ಅಲ್ಲಿದ್ದ ತಣ್ಣಗಾದ ಟೀಯನ್ನು ಕೇಳದೆಯೇ ಕುಡಿದರು.

"ಹಾಡು ಕಟ್ಟೋರು ಯಾರು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲಿ ಎಲ್ಲರಿಗೂ ಗೊತ್ತು. ಕೇಳಿದರೆ ಯಾರಿಗೂ ಗೊತ್ತಿಲ್ಲ."

"ಈ ಹಾಡು ರೆಕಾರ್ಡ್ ಆಗಿದ್ದು ಯಾವಾಗ?"

"ಅಕ್ಕ ಹೋಗಿ ಮನೆಯಲ್ಲಿ ಅಳು ನಿಂತಮೇಲೆ ಮೇಡಂ ಹಾಡಿದ ಮೊದಲ ಹಾಡು ಇದು. ಅದರಲ್ಲಿ ಅನುಮಾನ ಇಲ್ಲ."

"ನೀವು ಇಲ್ಲೇ ಇದ್ದಿರಾ?"

"ಮೇಡಂ ಹಾಡುವಾಗ ಯಾರೂ ಇರಬಾರದು. ಯಂತ್ರ ಚಾಲೂ ಮಾಡಿ ನಾನು ಹೊರಗೆ ಹೋಗ್ತೀನಿ. ಟೀ ಕುಡಿದು ಬರೋಷ್ಟರಲ್ಲಿ ಮುಗಿದಿರುತ್ತೆ." ಅವನು ದನಿ ತಗ್ಗಿಸಿದ. "ಆ ದಿನ ಬಂದು ಕೇಳಿದೆ ನೋಡಿ. ಕೈಕಾಲು ತಣ್ಣಗಾಯ್ತು."

ಅವನು ಸದ್ದು ಹೆಚ್ಚಿಸಿ ಹಾಕಿದ. ಈಗ ನನಗೂ ಕೇಳಿಸಿತು. ಗಾಯಕಿ ‘ಕದ ತೆರೆದೇ ಇದೆ, ದೀಪ ಸಣ್ಣಗಿದೆ’ ಎಂದಳು. ದೂರದಿಂದ, ಬೆನ್ನ ಹಿಂದಿನಿಂದ, ಸಣ್ಣ ಧ್ವನಿ — ‘ಹೊದಿಕೆ.’ ಗಾಯಕಿ ಹಿಡಿದಳು: ‘ಹೊದಿಕೆಯ ಹೊರಗೊಂದು ಕಾಲ ಇಟ್ಟವಳೆ...’ ಅಲ್ಲಿ ಅವಳ ಗಂಟಲು ಕಟ್ಟಿತು. ಮೌನ. ಎಷ್ಟೋ ಹೊತ್ತಿನ ಮೌನ. ಉಸಿರು ಎಳೆದುಕೊಂಡ ಸದ್ದು. ಆಗ ಆ ಸಣ್ಣ ಧ್ವನಿ — ‘ಚಳಿ.’ ಮತ್ತೆ ಗಾಯಕಿ:

‘ಚಳಿಯೆಂದೆನಲಿಲ್ಲ, ಹೊರಟೆನೆನಲಿಲ್ಲ,
ಎಲ್ಲಿ ಮಲಗಿದೆಯೀಗ, ಹೊದಿಸುವವರಾರೆ...’

ಹಿಂದೆ ಏನೋ ಬಿದ್ದು ಒಡೆಯಿತು. ನಾನು ಕುರ್ಚಿಯಿಂದ ಹಾರಿದೆ. ಗಾಯಕಿಯ ಗಂಡ ಬಾಗಿಲಲ್ಲಿ ನಿಂತಿದ್ದ, ಕಾಲ ಬಳಿ ಟೀ ಲೋಟದ ಚೂರುಗಳು. ಹೆಂಡತಿಯ ಕಾರ್ಯಕ್ರಮ, ಕರಾರು, ಕಾರು ಎಲ್ಲ ನೋಡಿಕೊಳ್ಳುವವನು ಅವನೇ. ಮ್ಯಾನೇಜರ್ ಎಂದೇ ಹೆಸರು.

"ಅದನ್ನ ಜೋರಾಗಿ ಹಾಕಬೇಡ ಅಂತ ಎಷ್ಟು ಸಲ ಹೇಳಿದೀನಿ," ಎಂದು ಕಿವಿಯ ಮೇಲೆ ರೇಗಿದ. ಹಣೆಯಲ್ಲಿ ಬೆವರಿತ್ತು. "ನೀವು ಯಾರು? ಇಲ್ಲಿಗೆ ಬಿಟ್ಟವರು ಯಾರು?"

"ಚಪ್ಪಲಿ ಮೊದಲು ಕಂಡವರು ನೀವೇ ಅಲ್ವಾ?" ಎಂದರು ಅತ್ತಿಗೆ.

ಅವನು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ನಾನು ಮನಸ್ಸಿನಲ್ಲೇ ಅವನ ಕೈಗೆ ಕೋಳ ಹಾಕಿಬಿಟ್ಟೆ.

ಅಷ್ಟರಲ್ಲಿ ಗಾಯಕಿಯೇ ಬಂದಳು. ಚಿತ್ರಗಳಲ್ಲಿ ಕಾಣುವುದಕ್ಕಿಂತ ಸಣ್ಣ ಹೆಂಗಸು. ಮಾತು ಮೆತ್ತಗೆ. ನಾವು ಬಂದ ಕಾರಣ ಕೇಳಿ ಕಣ್ಣು ಒರೆಸಿಕೊಂಡಳು.

"ಪಾಪ ಹುಡುಗಿ. ಅದು ಅವರಮ್ಮನ ಧ್ವನಿಯೇ. ಸುಳ್ಳು ಯಾಕೆ ಹೇಳಲಿ? ಹಾಡೂ ಅಕ್ಕಂದೇ. ನಮ್ಮಮ್ಮ ತೀರಿಕೊಂಡಾಗ ಕಟ್ಟಿ, ಹಾಡಿ ಇಟ್ಟಿದ್ದಳು. ಆ ಟ್ರ್ಯಾಕನ್ನ ಹೆಡ್‌ಫೋನಿನಲ್ಲಿ ಕೇಳ್ತಾ ನಾನು ಹಾಡಿದೆ. ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದಿದೆ, ಅಷ್ಟೇ."

"ಸೋರುತ್ತೆ," ಎಂದು ಕಿವಿ ತಲೆಯಾಡಿಸಿದ. "ಮೇಡಂ ಹಾಗೆ ಹೇಳಿದಮೇಲೇ ನನಗೆ ನಿದ್ದೆ ಬಂದಿದ್ದು."

"ಕಾಲು ಹೊರಗಿಟ್ಟು ಮಲಗ್ತಿದ್ದವರು?" ಎಂದರು ಅತ್ತಿಗೆ.

"ನಮ್ಮಮ್ಮ," ಎಂದಳು ಗಾಯಕಿ, ತಡವರಿಸದೆ. "ಪೇಪರಿನವರ ಮುಂದೆ ಇದನ್ನೆಲ್ಲ ಹೇಳೋಕಾಗಲ್ಲ. ನೀವು ಆ ಹುಡುಗಿಗೆ ಹೇಳಿ. ದೆವ್ವ ಇಲ್ಲ, ಏನೂ ಇಲ್ಲ, ಮಗು ನೋಡ್ಕೊಂಡು ಆರಾಮಾಗಿರಲಿ. ಇಲ್ಲಿವರೆಗೆ ಬರೋದೂ ಬೇಡ."

ವಾಪಸು ಬರುವಾಗ ನಾನು ಹಗುರಾಗಿದ್ದೆ. "ಮುಗೀತಲ್ಲ ಅತ್ತಿಗೆ. ಅಷ್ಟು ದೊಡ್ಡ ಗಾಯಕಿ ತಾನಾಗಿ ಒಪ್ಪಿಕೊಂಡರು. ಹೆಡ್‌ಫೋನು ಸೋರಿತು. ಆದರೂ ಆ ಮ್ಯಾನೇಜರ್ ಮೇಲೆ ಒಂದು ಕಣ್ಣಿರಲಿ. ಲೋಟ ಯಾಕೆ ಬೀಳಿಸಿದ?"

ಅತ್ತಿಗೆ ಕಿಟಕಿಯಾಚೆ ನೋಡುತ್ತಾ, "ಕೈಗೆ ಬಂದ ತುತ್ತು..." ಎಂದು ಸುಮ್ಮನಾದರು.

ನಾನು ಸಿಗ್ನಲ್ ನೋಡಿದೆ. ಗೇರು ಬದಲಿಸಿದೆ. ಅತ್ತಿಗೆ ಮುಂದುವರಿಸಲಿಲ್ಲ.

"...ಬಾಯಿಗೆ ಬರಲಿಲ್ಲ," ಎಂದೆ.

"ಯಾಕೆ ಮುಗಿಸಿದೆ?"

"ನೀವು ಅರ್ಧಕ್ಕೆ ನಿಲ್ಲಿಸಿದಿರಿ. ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಾಯ್ತು."

"ಹ್ಞೂಂ," ಎಂದರು. "ನಾಳೆ ಬೆಳಿಗ್ಗೆ ಆ ಹುಡುಗಿ, ಮಗು, ಇಬ್ಬರನ್ನೂ ಕರ್ಕೊಂಡು ಮತ್ತೆ ಬರ್ತೀವಿ. ಕಾರ್ ತೊಳಿ, ಹಿಂದಿನ ಸೀಟಲ್ಲಿ ಕಡಲೆಕಾಯಿ ಸಿಪ್ಪೆ."

ಸಿಪ್ಪೆ ಅವರದೇ ಆಗಿತ್ತು. ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಯಂತ್ರಗಳ ಕೋಣೆಯಲ್ಲಿ ನಾವೆಲ್ಲ ಬರಿಗಾಲಲ್ಲಿ ನಿಂತಿದ್ದೆವು. ಕಿವಿ, ಮ್ಯಾನೇಜರ್, ನಾನು, ಅತ್ತಿಗೆ, ಮಗಳು. ಮಗು ನನ್ನ ಕೈಯಲ್ಲಿತ್ತು. ಕೊಡುವವರು ಕೊಟ್ಟುಬಿಡುತ್ತಾರೆ, ಹಿಡಿಯುವವನ ಪಾಡು ಯಾರಿಗೂ ಬೇಡ. ಗಾಯಕಿ ಕೊನೆಗೆ ಬಂದಳು. ಅಕ್ಕನ ಮಗಳನ್ನು ನೋಡಿದಳು, ಮಗುವನ್ನು ನೋಡಿದಳು. ತಬ್ಬಿಕೊಳ್ಳಲು ಮುಂದೆ ಬರಲಿಲ್ಲ. ಹಿಂದೆ ಸರಿದು ಹಾಡುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಬರಬೇಡ ಅಂದಿದ್ದೆನಲ್ಲ."

"ಒಂದು ಸಲ ಕೇಳಿ ಹೋಗ್ತಾಳೆ," ಎಂದರು ಅತ್ತಿಗೆ. "ಹಾಕಿ."

ಹಾಡು ಬಂತು. ‘...ಕಾಲ ಇಟ್ಟವಳೆ.’ ಗಂಟಲು ಕಟ್ಟಿತು. ಮೌನ. ಉಸಿರು. ‘ಚಳಿ.’

"ನಿಲ್ಲಿಸಿ," ಎಂದರು ಅತ್ತಿಗೆ. ಕಿವಿಯ ಕಡೆ ತಿರುಗಿದರು. "ಹೆಡ್‌ಫೋನಿನಲ್ಲಿ ಹಳೇ ಟ್ರ್ಯಾಕು ಓಡ್ತಿತ್ತು. ಹೌದಾ?"

"ಹೌದು."

"ಹಾಡೋರು ಅತ್ತರೆ ಓಡೋ ಟ್ರ್ಯಾಕು ನಿಲ್ಲುತ್ತಾ?"

"ಅದು ಹೇಗೆ ನಿಲ್ಲುತ್ತೆ? ಗುಂಡಿ ಇರೋದು ಈ ಕಡೆ. ನಾನು ಹೊರಗಿದ್ದೆ."

"ಹಾಗಾದರೆ ಇವರು ಗಂಟಲು ಕಟ್ಟಿ ನಿಂತಾಗ ಟ್ರ್ಯಾಕಿನ ಧ್ವನಿ ತನ್ನ ಪಾಡಿಗೆ ಮುಂದೆ ಹೋಗಬೇಕಿತ್ತು. ಮುಂದಿನ ಸಾಲು ಪೂರ್ತಿ ಆ ಮೌನದ ನಡುವೆಯೇ ಬೀಳಬೇಕಿತ್ತು. ಬಿತ್ತಾ?"

ಕಿವಿ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದ. ಮೌನ. ಮೌನ. ಉಸಿರು. ‘ಚಳಿ.’

"ಬೀಳಲಿಲ್ಲ," ಎಂದ, ಪಿಸುಗುಟ್ಟಿ. "ಕಾಯ್ತು."

"ಕಾಯ್ತು. ತಂಗಿ ಸುಧಾರಿಸಿಕೊಳ್ಳೋವರೆಗೂ ಕಾಯ್ತು. ಆಮೇಲೆ ಸಾಲು ಕೊಡ್ತು. ನೀವೆಲ್ಲ ಆ ಪಿಸುಮಾತನ್ನೇ ಕೇಳಿದಿರಿ, ಅದರ ಹಿಂದಿನ ಮೌನವನ್ನ ಯಾರೂ ಕೇಳಲಿಲ್ಲ. ಟ್ರ್ಯಾಕು ಕಾಯಲ್ಲ. ಕಾಯೋದು ಜೀವ ಇರೋರು."

"ದೆವ್ವವೂ ಕಾಯಬಹುದಲ್ಲ," ಎಂದೆ ನಾನು.

"ಕವಿಗಳೇ, ಮಗು ನೋಡಿಕೊಳ್ಳಿ."

ಮ್ಯಾನೇಜರ್ ಮುಂದೆ ಬಂದ. "ಅಂದರೆ... ಅಕ್ಕ ಅವತ್ತು ಇಲ್ಲಿದ್ದರಾ? ಚಪ್ಪಲಿ ಸಿಕ್ಕಮೇಲೆ?" ನಾನು ಅವನನ್ನು ದುರುಗುಟ್ಟಿ ನೋಡಿದೆ.

"ಅವರನ್ನ ಯಾಕೆ ನೋಡ್ತೀಯ?" ಎಂದರು ಅತ್ತಿಗೆ. "ಅವರು ಚಪ್ಪಲಿ ಕಂಡವರು, ಇಟ್ಟವರಲ್ಲ. ಈ ಕೋಣೆಗೆ ಬರೋರು ಚಪ್ಪಲಿ ಎಲ್ಲಿ ಬಿಡ್ತಾರೆ? ಬಾಗಿಲ ಹೊರಗೆ. ಒಳಗೆ ಹೋದವರು ಮತ್ತೆ ಹೊರಗೆ ಬರದಿದ್ದರೆ, ಆ ಚಪ್ಪಲಿ ಸೇತುವೆಗೆ ಹೋದದ್ದು ಒಳಗಿದ್ದವರಿಗೆ ಹೇಗೆ ಗೊತ್ತಾಗಬೇಕು?"

ಅತ್ತಿಗೆ ಗಾಯಕಿಯ ಎದುರು ಹೋಗಿ ನಿಂತರು.

"ಸಾಲು ಕೊಟ್ಟವರ ಧ್ವನಿ ನಡುಗಿಲ್ಲ. ಅದು ಅತ್ತು ಅತ್ತು ಒಣಗಿದ ಧ್ವನಿ. ನಡುಗಿದ್ದು ನಿಮ್ಮದು, ಅದೂ ಆ ಒಂದು ಸಾಲಿಗೆ. ಯಾಕೆ? ನಿಮ್ಮಮ್ಮ ಹೇಗೆ ಮಲಗ್ತಿದ್ದರೋ ನನಗೆ ಗೊತ್ತಿಲ್ಲ. ಆದರೆ ಯಾರು ಹೊದಿಸ್ತಾರೆ ನಿನಗೆ ಅಂತ ಮಗಳು ತಾಯಿಯನ್ನ ಕೇಳಲ್ಲಮ್ಮ. ತಾಯಿ ಮಗಳನ್ನ ಕೇಳ್ತಾಳೆ. ನಿನ್ನೆ ನಮ್ಮನೆ ಸೋಫಾದ ಮೇಲೆ ಒಬ್ಬಳು ಮಲಗಿದ್ದಳು. ಎಷ್ಟು ಹೊದಿಸಿದರೂ ಒಂದು ಕಾಲು ಹೊರಗೆ."

ಮಗಳು ತನ್ನ ಪಾದ ನೋಡಿಕೊಂಡಳು. "ನಾನಾ?"

"ನೀನೇ. ಈ ಹಾಡಲ್ಲಿ ಸತ್ತಿರೋದು ನಿಮ್ಮಮ್ಮ ಅಲ್ಲ. ನೀನು. ನಿನಗೆ ಅವಳು ಹೊಳೆಗೆ ಬಿದ್ದಳು ಅಂತ ಹೇಳಿದರು. ಅವಳಿಗೆ ನೀನೂ ಮಗುವೂ ಹೆರಿಗೆಯಲ್ಲಿ ಹೋದಿರಿ ಅಂತ ಹೇಳಿದರು. ಅವಳು ನಿನ್ನನ್ನ ಕರೀತಿಲ್ಲಮ್ಮ, ನಿನಗಾಗಿ ಅಳ್ತಿದ್ದಾಳೆ. ನೀನು ಬದುಕಿದೀಯ ಅನ್ನೋದು ಆವತ್ತು ಆ ಕೋಣೆಯಲ್ಲಿ ಒಬ್ಬರಿಗೇ ಗೊತ್ತಿತ್ತು. ಅವರ ಗಂಟಲೇ ಕಟ್ಟಿದ್ದು."

ತನ್ನ ಸಾವಿನ ಹಾಡನ್ನು ಮಗಳು ಊರೆಲ್ಲದರ ಜೊತೆ ಕೇಳಿದ್ದಳು, ಆ ಹಾಡಿನ ಹಿಂದೆ ನೀರಿಗೂ ಇಳಿದಿದ್ದಳು. ನನಗೆ ಮಗುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಹಾಗಾಯಿತು.

"ಕಥೆ ಚೆನ್ನಾಗಿದೆ," ಎಂದಳು ಗಾಯಕಿ. ಮೆತ್ತನೆಯ ಧ್ವನಿ ಈಗ ತೆಳ್ಳಗಾಗಿತ್ತು. "ಸತ್ತವರನ್ನ ಎಲ್ಲಿಂದ ತರ್ತೀರಿ?"

"ಆ ಸಣ್ಣ ಬಾಗಿಲಿಂದ."

"ಕೀಲಿ ಕಳೆದುಹೋಗಿದೆ."

"ಒಡೀತೀನಿ," ಎಂದು ಮ್ಯಾನೇಜರ್ ಹೊರಟ. ಹೆಂಡತಿಯನ್ನು ಅವನು ತಳ್ಳಲಿಲ್ಲ, ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಅತ್ತಿಗೆ ತಡೆದರು.

"ಒಡೆಯೋದು ಬೇಡ. ಹೆದರಿಕೊಂಡಾರು. ಕೂಗೋದೂ ಬೇಡ, ಮಗಳ ಹೆಸರು ಹೇಳಿದರೆ ನಂಬಲ್ಲ. ಅಂಥ ಬಾಗಿಲಿಗೆ ಕೀಲಿ ಬೇಕಾಗೋದು ಹೊರಗಿನವರಿಗೆ, ಒಳಗಡೆ ಬರೀ ಚಿಲಕ ಇರುತ್ತೆ. ಅವರೇ ತೆಗೀಲಿ." ಮಗಳ ತಲೆ ಸವರಿದರು. "ಹೋಗಮ್ಮ. ಆ ಸಾಲಿನವರೆಗೆ ಹಾಡು. ನಿಲ್ಲಿಸು. ಸುಮ್ಮನೆ ಕಾಯಿ. ಅರ್ಧಕ್ಕೆ ನಿಂತ ಹಾಡನ್ನ ನಿಮ್ಮಮ್ಮ ಹಾಗೇ ಬಿಡೋರಾ?"

"ಬಿಡಲ್ಲ," ಎಂದಳು ಮಗಳು.

ಕಿವಿ ಹಾಡುವ ಕೋಣೆಯ ಬಾಗಿಲು ತೆರೆದ. ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಗಾಜಿನಾಚೆ ಒಬ್ಬಳೇ, ಬರಿಗಾಲಲ್ಲಿ, ಮೈಕಿನ ಮುಂದೆ. ಅವಳ ಉಸಿರು ನಮ್ಮ ಸ್ಪೀಕರಿನಲ್ಲಿ ಕೇಳುತ್ತಿತ್ತು.

‘ಕದ ತೆರೆದೇ ಇದೆ, ದೀಪ ಸಣ್ಣಗಿದೆ...’

ಅವಳ ಧ್ವನಿ ಗಾಯಕಿಯ ಧ್ವನಿಯಂತಿರಲಿಲ್ಲ. ಸಣ್ಣದು, ಸ್ವಲ್ಪ ಒರಟು. ಟೇಪಿನಲ್ಲಿ ಬೆನ್ನ ಹಿಂದಿನಿಂದ ಬರುತ್ತಿದ್ದ ಧ್ವನಿಯ ಹಾಗೇ ಇತ್ತು. 

‘ಹೊದಿಕೆಯ ಹೊರಗೊಂದು ಕಾಲ ಇಟ್ಟವಳೆ...’

ನಿಲ್ಲಿಸಿದಳು.

ಏನೂ ಇಲ್ಲ. ಸ್ಪೀಕರಿನಲ್ಲಿ ಸುಂಯ್ ಎನ್ನುವ ಮೌನ. ಗಾಯಕಿ ಕಣ್ಣು ಮುಚ್ಚಿದ್ದಳು. ಕಿವಿಯ ಬೆರಳು ಗುಂಡಿಯ ಮೇಲಿತ್ತು. ನಾನು ಅತ್ತಿಗೆಯ ಮುಖ ನೋಡಿದೆ. ಅವರು ತಪ್ಪಿದ್ದರೆ ಆ ಹುಡುಗಿ ಇವತ್ತು ಸಂಜೆ ಮತ್ತೆ ಹೊಳೆಗೆ ಹೋಗುತ್ತಾಳೆ. ಇನ್ನೂ ಏನೂ ಇಲ್ಲ. ಮಗು ಕೂಡ ಮಿಸುಕಲಿಲ್ಲ.

ಆಮೇಲೆ, ಗೋಡೆಯೊಳಗಿನಿಂದ ಬಂದ ಹಾಗೆ, ತೀರ ಮೆಲ್ಲಗೆ —

‘ಚಳಿ...’

ಮ್ಯಾನೇಜರ್ ಅಲ್ಲೇ ನೆಲಕ್ಕೆ ಕುಸಿದು ಚಿಕ್ಕ ಹುಡುಗನಂತೆ ಅಳತೊಡಗಿದ.

"ಅವಳು ಹೋಗ್ತೀನಿ ಅಂದಳು," ಎಂದಳು ಗಾಯಕಿ. ಯಾರನ್ನೂ ನೋಡುತ್ತಿರಲಿಲ್ಲ. "ಹಾಡು ಸಾಕು ಅಂದಳು. ಸಾಕಂತೆ. ಅವಳು ಹೋದಮೇಲೆ ನಾನು ಬಾಯಿ ತೆಗೆದರೆ ಏನು ಬರುತ್ತೆ? ಆ ಬಾಗಿಲನ್ನ ಒಳಗಿಂದ ತೆಗೆಯೋಕೆ ಕೀಲಿ ಬೇಕಿಲ್ಲ. ನಾನು ಕಟ್ಟಿಹಾಕಲಿಲ್ಲ. ಮಗಳು ಹೋದಳು, ಎಲ್ಲ ಕಾರ್ಯವೂ ಮುಗೀತು ಅಂತ ಹೇಳಿದೆ ಅಷ್ಟೇ. ಆಮೇಲೆ ಅವಳು ಎಲ್ಲಿಗೂ ಹೋಗಲೇ ಇಲ್ಲ."

"ಅಷ್ಟೇ ಅಂತೀರಲ್ಲ," ಎಂದರು ಅತ್ತಿಗೆ. ಅವರ ಧ್ವನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗಾಜಿನಾಚೆ ಚಿಲಕ ಸರಿದ ಸದ್ದು. ಮೆತ್ತೆ ಹೊದ್ದ ಬಾಗಿಲು ಸ್ವಲ್ಪ ತೆರೆಯಿತು. ಕೆದರಿದ ತಲೆಯ, ಶಾಲು ಹೊದ್ದ ಒಬ್ಬ ಹೆಂಗಸು ಸಂದಿಯಲ್ಲಿ ನಿಂತಳು. ಮಗಳ ಮುಖವನ್ನು ಅವಳು ನೋಡಲಿಲ್ಲ. ಮೊದಲು ಕಾಲು ನೋಡಿದಳು. ಬಗ್ಗಿ, ಕಣ್ಣು ಕಿರಿದು ಮಾಡಿ, ಎರಡೂ ಪಾದ ನೋಡಿದಳು. ಬೆರಳುಗಳು ಅವಳ ಕಡೆಗೇ ಇದ್ದವು.

ನೆಲದ ಮೇಲೆ ಕುಳಿತಳು. ಕೈ ಚಾಚಿ ಬಲಗಾಲು ಮುಟ್ಟಿದಳು.

"ಬೆಚ್ಚಗಿದೆ," ಎಂದಳು.

"ಅಮ್ಮ, ಕಾಲು ಸಾಕು. ಮುಖ ನೋಡು."

ಅವಳಿಗೆ ಇನ್ನೂ ಧೈರ್ಯವಿರಲಿಲ್ಲ. ಶಾಲಿನ ಅಂಚು ಎಳೆದು ಆ ಪಾದವನ್ನು ಮುಚ್ಚಿದಳು, ಮೇಲೆ ಕೈ ಇಟ್ಟು ಹಿಡಿದುಕೊಂಡಳು. ಮಗಳು ಅಲ್ಲೇ ಕುಳಿತು ಅವಳ ಹೆಗಲಿಗೆ ತಲೆ ಇಟ್ಟಳು.

ಆಗಲೇ ಮಗು ನನ್ನ ಕೈಯಲ್ಲಿ ಕಿಟಾರನೆ ಕಿರುಚಿತು. ಕಿವಿ ನನ್ನತ್ತ ನೋಡಿದ, ಮಗುವಿನತ್ತ ನೋಡಿದ, ಗುಂಡಿ ಒತ್ತಿ ಹಿಡಿದ. ಅಳು ಆ ಕೋಣೆಯ ತುಂಬ ಹರಡಿತು. ನೆಲದ ಮೇಲಿದ್ದ ಹೆಂಗಸು ಕತ್ತೆತ್ತಿದಳು.

"ಯಾರದು ಅಳ್ತಿರೋದು?"

"ನಿನ್ನ ಮೊಮ್ಮಗಳು. ಹಸಿವಾದರೆ ಹೀಗೇ, ಊರು ಒಂದು ಮಾಡ್ತಾಳೆ."

"ಹೋಗು," ಎಂದು ಅತ್ತಿಗೆ ನನ್ನನ್ನು ಬಾಗಿಲ ಕಡೆ ನೂಕಿದರು. "ಏನು ನೋಡ್ತಾ ನಿಂತೆ? ಕೊಡು ಹೋಗು."

ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ.